ಪಿಡಿಎಫ್‌ನಿಂದ ಇಂಕ್‌ಸ್ಕೇಪಿಗೆ ತಂದ ಕನ್ನಡ ಪಠ್ಯ ತಿದ್ದಲು ಹೋದರೆ ಒತ್ತಕ್ಷರಗಳೆಲ್ಲ ಚೆದುರುತ್ತಿವೆ

ಕೆರೆಯಂಗಳ

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆಯ ಏರಿಯ ಮೇಲೆ ಅಲ್ಲಿ ಕಾಣಸಿಗುವ ಹಕ್ಕಿಗಳನ್ನು ಪರಿಚಯಿಸುವ ಫಲಕವೊಂದಿದೆ. ಎಂಟು ವರ್ಷಗಳ ಬಿಸಿಲು ಮಳೆಗೆ ಅದು ಬಣ್ಣಗೆಟ್ಟಿದೆ, ಆದ್ದರಿಂದ ಹೊಸದನ್ನು ಹಾಕಿಸಬೇಕೆಂದು ನಾವು ನಾಲ್ಕು ಜನ ಸೇರಿ ತೀರ್ಮಾನಿಸಿದ್ದೇವೆ. ಅಂದು ವಿನ್ಯಾಸ ಮಾಡಿಕೊಟ್ಟವರನ್ನು ಮೂಲ ಕಡತ ಕೇಳಿದಾಗ, ಅದು ಹಳೆಯ ಕಂಪ್ಯೂಟರಿನ ಜೊತೆಗೇ ಹೋಯಿತು, ಉಳಿದಿರುವುದು ಮುದ್ರಣಕ್ಕೆ ಕಳಿಸಿದ ಪಿಡಿಎಫ್ ಮಾತ್ರ ಎಂದರು. ಚಿತ್ರಗಳು ಚೆನ್ನಾಗಿಯೇ ಇವೆ. ನಾಲ್ಕೈದು ಹೆಸರುಗಳನ್ನು ತಿದ್ದಿ, ರಂಗನತಿಟ್ಟು 2022ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿದ ಸಂಗತಿಯನ್ನು ಒಂದು ಸಾಲಿನಲ್ಲಿ ಸೇರಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು.

ಆದರೆ ಆ ಪಿಡಿಎಫ್ ಅನ್ನು ಚಿತ್ರ ರಚನೆಯ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ತೆರೆದರೆ ‘ಹೆಜ್ಜಾರ್ಲೆ’ ಎಂಬ ಹೆಸರು ‘ಹೆಜಾ್ಜಲೆರ್’ ಎಂದು ಕಾಣಿಸುತ್ತದೆ. ‘ಮಿಂಚುಳ್ಳಿ’ಯ ಒತ್ತು ಕಳಚಿ ಚುಕ್ಕಿಗಳ ವೃತ್ತವೊಂದು ಬಂದು ಕುಳಿತಿದೆ. ಮೇಲಿನ ದೊಡ್ಡ ಶೀರ್ಷಿಕೆಯಂತೂ ಕನ್ನಡವೇ ಅಲ್ಲ, ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲಾಗಿದೆ. ಪಠ್ಯದ ಮೇಲೆ ಕ್ಲಿಕ್ ಮಾಡಿ ಒಂದಕ್ಷರ ಅಳಿಸಿದರೆ ಉಳಿದ ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ಪಿಡಿಎಫ್ ಓದುವ ತಂತ್ರಾಂಶದಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗ ಇಲ್ಲಿ ಮಾತ್ರ ಹೀಗೇಕೆ?

ಬಣ್ಣದಬುಟ್ಟಿ

ಇಂಕ್‌ಸ್ಕೇಪಿನ ಯಾವ ಆವೃತ್ತಿ ಬಳಸುತ್ತಿದ್ದೀರಿ, ಮತ್ತು ಪಠ್ಯವನ್ನು ಆಯ್ದಾಗ ಫಾಂಟಿನ ಹೆಸರು ಏನೆಂದು ಬರುತ್ತದೆ?

ಕೆರೆಯಂಗಳ

ಆವೃತ್ತಿ 1.3, ಲಿನಕ್ಸ್ ಯಂತ್ರ. ಹಕ್ಕಿಗಳ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಆರು ದೊಡ್ಡ ರೋಮನ್ ಅಕ್ಷರಗಳು, ಒಂದು ಕೂಡಿಸುವ ಚಿಹ್ನೆ, ಅದರ ನಂತರ ತುಂಗಾ ಎಂದು ತೋರಿಸುತ್ತದೆ. ಶೀರ್ಷಿಕೆಗೆ ನುಡಿ ಎಂದು ಆರಂಭವಾಗುವ ಹೆಸರಿದೆ.

ಅಕ್ಷರರೂಪಿ

ನಿಮ್ಮ ಪಿಡಿಎಫ್‌ನಲ್ಲಿ ಎರಡು ಬೇರೆ ಬೇರೆ ಕಾಲದ ಕನ್ನಡ ಒಟ್ಟಿಗೆ ಸೇರಿಕೊಂಡಿದೆ, ಆದ್ದರಿಂದ ಕಾಯಿಲೆಯೂ ಎರಡು. ನಾನು ತುಂಗಾದ ವಿಷಯವನ್ನಷ್ಟೇ ಹೇಳುತ್ತೇನೆ, ನುಡಿಯ ವಿಷಯವನ್ನು ಇಲ್ಲಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು.

ಹೆಸರಿನ ಮುಂದಿರುವ ಆರು ಅಕ್ಷರಗಳು, ಪೂರ್ತಿ ಫಾಂಟ್ ಅಲ್ಲದೆ ಅದರಲ್ಲಿ ಬಳಕೆಯಾದ ಆಕಾರಗಳನ್ನು ಮಾತ್ರ ಕಡತದೊಳಗೆ ಅಡಕ ಮಾಡಲಾಗಿದೆ ಎಂಬುದರ ಗುರುತು. ತುಂಗಾ ವಿಂಡೋಸ್ ಜೊತೆ ಬರುವ ಫಾಂಟ್, ನಿಮ್ಮ ಲಿನಕ್ಸ್ ಯಂತ್ರದಲ್ಲಿ ಅದು ಇರುವುದಿಲ್ಲ. ಹಾಗಾಗಿ ಇಂಕ್‌ಸ್ಕೇಪ್ ಇನ್ನೊಂದು ಫಾಂಟನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಆದರೆ ನಿಮ್ಮ ತೊಂದರೆಯ ಬೇರು ಅಲ್ಲಿಲ್ಲ, ತುಂಗಾ ಇದ್ದಿದ್ದರೂ ‘ಹೆಜ್ಜಾರ್ಲೆ’ ಕೆಡುತ್ತಿತ್ತು.

ನಾವು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತದಲ್ಲಿ, ಬರೆಯುವಾಗ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಕೂಡಿಸುತ್ತೇವೆ. ಮೊದಲು ಜ, ಆಮೇಲೆ ವಿರಾಮ (ಸ್ವರ ತೆಗೆಯುವ ‘್’ ಚಿಹ್ನೆ), ಆಮೇಲೆ ಇನ್ನೊಂದು ಜ, ಕೊನೆಯಲ್ಲಿ ಆಕಾರದ ಚಿಹ್ನೆ. ತೆರೆಯ ಮೇಲೆ ಬರೆಯುವಾಗ ಫಾಂಟ್ ಇದನ್ನು ಕಣ್ಣಿನ ಕ್ರಮಕ್ಕೆ ತಿರುಗಿಸಿ, ಮೊದಲು ‘ಜಾ’ ಬರೆದು ಅದರ ಕೆಳಗೆ ಒತ್ತನ್ನು ಕೂರಿಸುತ್ತದೆ. ಅರ್ಕಾವತ್ತಿನದು ಇನ್ನೂ ವಿಚಿತ್ರ, ಏಕೆಂದರೆ ಉಚ್ಚಾರದಲ್ಲಿ ಮೊದಲು ಬರುವ ರೇಫ, ಅಂದರೆ ‘ರ್’, ಬರಹದಲ್ಲಿ ‘ಲೆ’ಯ ನಂತರ ಹೋಗಿ ನಿಲ್ಲುತ್ತದೆ. ಪಿಡಿಎಫ್ ಉಳಿಸಿಕೊಳ್ಳುವುದು ಈ ಎರಡನೆಯ ಕ್ರಮವನ್ನು ಮಾತ್ರ: ಯಾವ ಆಕಾರ, ಪುಟದ ಯಾವ ಬಿಂದುವಿನಲ್ಲಿ. ಆಕಾರದಿಂದ ಅಕ್ಷರಕ್ಕೆ ಹಿಂತಿರುಗಲು ಕಡತದೊಳಗೊಂದು ನಕ್ಷೆ ಇರುತ್ತದೆ, ಆದರೆ ಅದು ಒಂದೊಂದು ಆಕಾರಕ್ಕೂ ಅರ್ಥ ಹೇಳುತ್ತದೆಯೇ ಹೊರತು ಕ್ರಮವನ್ನು ಸರಿಪಡಿಸುವುದಿಲ್ಲ. ಇಂಕ್‌ಸ್ಕೇಪ್ ಆ ನಕ್ಷೆಯನ್ನು ನಂಬಿ ‘ಜಾ’, ‘್ಜ’, ‘ಲೆ’, ‘ರ್’ ಎಂದು ಸಾಲಾಗಿ ಇಡುತ್ತದೆ. ನಿಮ್ಮ ‘ಹೆಜಾ್ಜಲೆರ್’ ಹುಟ್ಟಿದ್ದು ಹೀಗೆ. ಪಿಡಿಎಫ್ ಓದುವ ತಂತ್ರಾಂಶ ಅಕ್ಷರದ ಗೋಜಿಗೆ ಹೋಗದೆ ಆಕಾರವನ್ನಷ್ಟೇ ಬರೆಯುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ.

ಕರಡುತಿದ್ದಿ

ಅಂತರಜಾಲದಲ್ಲಿ ಎಲ್ಲೆಂದರಲ್ಲಿ ‘ಕನಾರ್ಟಕ’ ಎಂದು ಕಾಣುವುದಕ್ಕೂ ಇದೇ ಕಾರಣವೇ? ಇಷ್ಟು ದಿನ ಅದನ್ನು ಬೆರಳಚ್ಚುಗಾರರ ಅಜಾಗರೂಕತೆ ಎಂದೇ ತಿಳಿದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಅಕ್ಷರರೂಪಿ

ಹೌದು, ಬಹುಮಟ್ಟಿಗೆ ಇದೇ ಕಾರಣ. ರೇಫ ‘ನಾ’ದ ನಂತರ ಬರೆಯಲ್ಪಟ್ಟಿರುತ್ತದೆ, ನಕಲು ಮಾಡಿದವರಿಗೆ ಅದು ಅಲ್ಲೇ ಸಿಗುತ್ತದೆ.

ಹಳೇಮೊಳೆ

ಶೀರ್ಷಿಕೆಯ ವಿಷಯಕ್ಕೆ ನಾನು ಬರುತ್ತೇನೆ. ಇಪ್ಪತ್ತೆರಡು ವರ್ಷ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಮಾಡಿದ್ದೇನೆ, ಅದರಲ್ಲಿ ಬಹುಪಾಲು ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾಗಳಲ್ಲಿ, ನುಡಿ ಮತ್ತು ಬರಹ ಎಂಬ ಕನ್ನಡ ಬರೆಯುವ ತಂತ್ರಾಂಶಗಳ ಫಾಂಟುಗಳೊಂದಿಗೆ. ಆ ಕಾಲದ ತಂತ್ರಾಂಶಗಳಿಗೆ ಒತ್ತಕ್ಷರ ಕೂಡಿಸುವುದು ತಿಳಿಯುತ್ತಿರಲಿಲ್ಲವಾದ್ದರಿಂದ, ರೋಮನ್ ಲಿಪಿಗೆ ಮೀಸಲಾದ ಸಂಕೇತಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಇಟ್ಟಿದ್ದರು. ತಲೆಕಟ್ಟು ಒಂದು ಸಂಕೇತ, ಗುಡಿಸು ಸೇರಿದ ಅಕ್ಷರ ಇನ್ನೊಂದು, ಪ್ರತಿ ಒತ್ತಿಗೂ ಒಂದೊಂದು. ಆ ಫಾಂಟ್ ಕೈಗೆ ಸಿಗದಿದ್ದರೆ ಉಳಿಯುವುದು ನೀವು ಕಂಡ ರೋಮನ್ ಸಾಲು. ಅದು ಕೆಟ್ಟ ಪಠ್ಯವಲ್ಲ, ಬೇರೆ ಸಂಕೇತದಲ್ಲಿರುವ ಒಳ್ಳೆಯ ಪಠ್ಯ.

ಆ ಸಾಲನ್ನು ಹಾಗೆಯೇ ನಕಲು ಮಾಡಿ ನುಡಿ ಅಥವಾ ಬರಹ ತಂತ್ರಾಂಶದಲ್ಲಿರುವ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ನೋಡಿ. ಅರ್ಕಾವತ್ತು ಕೂಡ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇದನ್ನು ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಆದರೆ ಕಾರಣ ಸರಳವಾಗಿದೆ. ನುಡಿಯಲ್ಲಿ ‘ಕಾರ್’ ಎಂಬ ಪದದ ಕೊನೆಯ ‘ರ್’ ಬೇರೆ ಸಂಕೇತ, ಅರ್ಕಾವತ್ತು ಬೇರೆಯೇ ಸಂಕೇತ. ಪರಿವರ್ತಕಕ್ಕೆ ಎರಡರ ನಡುವೆ ಗೊಂದಲವೇ ಇಲ್ಲ. ಯೂನಿಕೋಡ್ ಪಠ್ಯ ಪಿಡಿಎಫ್ ಆಗಿ ಹಿಂತಿರುಗಿದಾಗ ಎರಡೂ ಒಂದೇ ‘ರ್’ ಆಗಿ ಬರುತ್ತವೆ, ಅಲ್ಲಿ ಕಷ್ಟ ಶುರುವಾಗುತ್ತದೆ.

ಕೆರೆಯಂಗಳ

ಹಳೇಮೊಳೆಯವರೇ, ಶೀರ್ಷಿಕೆ ಪೂರ್ತಿಯಾಗಿ, ಒಂದೂ ತಪ್ಪಿಲ್ಲದೆ ಬಂತು. ಎರಡು ದಿನ ಅದರ ಮುಂದೆ ಕುಳಿತು ಒಂದೊಂದೇ ಅಕ್ಷರ ಊಹಿಸುತ್ತಿದ್ದೆ. ತುಂಬು ಹೃದಯದ ಧನ್ಯವಾದಗಳು.

ಸಾಲುಸಂಕೇತ

ಹಕ್ಕಿಗಳ ಹೆಸರನ್ನೂ ಕೈಯಿಂದ ತಿದ್ದುವ ಅಗತ್ಯವಿಲ್ಲ. ಕನ್ನಡದಲ್ಲಿ ಸ್ವರಚಿಹ್ನೆಯ ನಂತರ ವಿರಾಮ ಬರುವುದಕ್ಕೆ ಅವಕಾಶವೇ ಇಲ್ಲ. ಆದ್ದರಿಂದ ಎಲ್ಲೆಲ್ಲಿ ಸ್ವರಚಿಹ್ನೆಯಾದ ಕೂಡಲೇ ವಿರಾಮ ಮತ್ತು ವ್ಯಂಜನ ಕಾಣುತ್ತವೆಯೋ ಅಲ್ಲೆಲ್ಲ ಅವುಗಳ ಸ್ಥಾನ ಬದಲಿಸಿದರೆ ‘ಮಿಂಚುಳಿ್ಳ’ ತಾನಾಗಿ ‘ಮಿಂಚುಳ್ಳಿ’ ಆಗುತ್ತದೆ. ‘ಬೆಳ್ಳಕಿ್ಕ’ ಎಂಬುದನ್ನು ಗಮನಿಸಿ: ಮೊದಲ ಒತ್ತಿಗೆ ಏನೂ ಆಗಿಲ್ಲ, ಏಕೆಂದರೆ ‘ಳ್ಳ’ದಲ್ಲಿ ಅದಲುಬದಲಾಗಲು ಸ್ವರಚಿಹ್ನೆಯೇ ಇಲ್ಲ. ಕೆಟ್ಟಿರುವುದು ಎರಡನೆಯದು ಮಾತ್ರ. ಅದೇ ರೀತಿ ‘ಕೊಕ್ಕರೆ’ಯ ಮೊದಲ ಅಕ್ಷರ ಏತ್ವ ಮತ್ತು ಕೊಂಬಿನ ದೀರ್ಘವಾಗಿ ಎರಡು ತುಂಡಾಗಿ ಬಂದಿರಬಹುದು, ನೋಡಲು ವ್ಯತ್ಯಾಸ ಕಾಣದಿದ್ದರೂ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿನ ಪ್ರಕಾರ ಆ ಎರಡು ರೂಪಗಳೂ ಸಮಾನವೇ ಆದ್ದರಿಂದ, ಅವುಗಳನ್ನು ಒಂದುಗೂಡಿಸುವ ಸಿದ್ಧ ವಿಧಾನ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದೆ. ಹತ್ತು ಸಾಲಿನ ಸ್ಕ್ರಿಪ್ಟಿನಲ್ಲಿ ಇಡೀ ಫಲಕ ಸರಿಯಾಗುತ್ತದೆ.

ಕರಡುತಿದ್ದಿ

ನಾನು ಇದನ್ನು ಒಪ್ಪುವುದಿಲ್ಲ. ಅರ್ಕಾವತ್ತಿಗೆ ನಿಮ್ಮ ಹತ್ತು ಸಾಲು ಏನು ಮಾಡುತ್ತದೆ?

ಸಾಲುಸಂಕೇತ

ಅಕ್ಷರದ ನಂತರ ಬಂದ ‘ರ್’ ಅನ್ನು ಆ ಅಕ್ಷರದ ಹಿಂದಕ್ಕೆ ಒಯ್ಯುತ್ತದೆ. ‘ಲೆರ್’ ಇದ್ದದ್ದು ‘ರ್ಲೆ’ ಆಗುತ್ತದೆ.

ಕರಡುತಿದ್ದಿ

ಹಾಗಾದರೆ ‘ಪೋಸ್ಟರ್’ ಎಂಬುದು ‘ಪೋರ್ಸ್ಟ’ ಆಗುತ್ತದೆ. ‘ಸೆಂಟರ್’, ‘ಡಾಕ್ಟರ್’, ‘ಸೆಪ್ಟೆಂಬರ್’ ಎಲ್ಲವೂ ಹಾಳಾಗುತ್ತವೆ. ಒಂದು ತಪ್ಪು ತಿದ್ದಲು ಹೋಗಿ ಹತ್ತು ಸರಿಯಾದ ಪದಗಳನ್ನು ಕೆಡಿಸುವುದು ನೆಗಡಿಗೆ ಮೂಗು ಕೊಯ್ದಂತೆ. ನನ್ನ ಮೇಜಿಗೆ ಬರುವ ಕರಡುಗಳಲ್ಲಿ ಅತ್ಯಂತ ಅಪಾಯಕಾರಿ ತಪ್ಪುಗಳು ಯಂತ್ರ ತಿದ್ದಿದ ತಪ್ಪುಗಳೇ, ಏಕೆಂದರೆ ಚುಕ್ಕಿವೃತ್ತ ಕಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ, ಆದರೆ ಚೆಂದವಾಗಿ ಕೂಡಿಕೊಂಡ ತಪ್ಪು ಅಕ್ಷರದ ಮೇಲೆ ಕಣ್ಣು ಜಾರಿ ಮುಂದೆ ಹೋಗುತ್ತದೆ. ಫಲಕದಲ್ಲಿ ಇರುವುದು ಮೂವತ್ತೋ ನಲವತ್ತೋ ಹೆಸರು. ಅರ್ಧ ಗಂಟೆ ಕುಳಿತು ಹೊಸದಾಗಿ ಬೆರಳಚ್ಚು ಮಾಡಿದರೆ ಈ ಯಾವ ರಗಳೆಯೂ ಇರುವುದಿಲ್ಲ.

ಸಾಲುಸಂಕೇತ

ಪೋಸ್ಟರಿನ ಉದಾಹರಣೆ ಸರಿಯಾಗಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಸ್ವರಚಿಹ್ನೆಯ ನಿಯಮ ಕಣ್ಣುಮುಚ್ಚಿ ಬಳಸಬಹುದಾದದ್ದು, ರೇಫದ ನಿಯಮಕ್ಕೆ ಪದಕೋಶದ ಆಸರೆ ಬೇಕು. ಆದರೆ ಎಲ್ಲರಿಗೂ ಮೂವತ್ತು ಹೆಸರಿನ ಫಲಕವೇ ಇರುವುದಿಲ್ಲ. ಇನ್ನೂರು ಪುಟದ ಪಿಡಿಎಫ್ ಮಾತ್ರ ಉಳಿದವರಿಗೆ ಹೊಸದಾಗಿ ಬೆರಳಚ್ಚು ಮಾಡಿ ಎಂದು ಹೇಳುವುದು ನ್ಯಾಯವೇ? ಅವರ ಪಾಲಿಗೆ ನೂರರಲ್ಲಿ ತೊಂಬತ್ತು ತಪ್ಪು ತಾನಾಗಿ ಹೋಗಿ, ಉಳಿದದ್ದನ್ನು ನಿಮ್ಮಂಥ ಒಬ್ಬರು ಓದಿ ತಿದ್ದುವುದೇ ದಾರಿ.

ಕರಡುತಿದ್ದಿ

ಓದಿ ತಿದ್ದುವವರು ಇದ್ದಾರೆ ಎಂಬ ಷರತ್ತಿನೊಂದಿಗಾದರೆ ನನ್ನ ತಕರಾರಿಲ್ಲ. ಬಹಳ ಕಡೆ ಆ ಕೊನೆಯ ಹೆಜ್ಜೆಯನ್ನೇ ಬಿಟ್ಟುಬಿಡುತ್ತಾರೆ, ನನ್ನ ಸಂಕಟ ಅದು.

ಬಣ್ಣದಬುಟ್ಟಿ

ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಳ್ಳುವುದರ ಬಗ್ಗೆ ಯಾರೂ ಹೇಳಲಿಲ್ಲ. ಪಠ್ಯವನ್ನು ಆಯ್ದುಕೊಂಡು ಕಂಟ್ರೋಲ್, ಶಿಫ್ಟ್ ಮತ್ತು ಎಕ್ಸ್ ಒತ್ತಿ, ಕಡತದ ಒಳಬರಹ ತೋರಿಸುವ ಎಕ್ಸ್‌ಎಂಎಲ್ ಸಂಪಾದಕವನ್ನು ತೆರೆದು ನೋಡಿ. ಎಕ್ಸ್ ಎಂಬ ಗುಣದ ಮುಂದೆ ಒಂದು ಸಂಖ್ಯೆಯ ಬದಲು ಉದ್ದನೆಯ ಸಂಖ್ಯೆಗಳ ಸರಮಾಲೆ ಇರುತ್ತದೆ, ಒಂದೊಂದು ಅಕ್ಷರಕ್ಕೂ ಅದು ನಿಲ್ಲಬೇಕಾದ ಜಾಗ ಅಲ್ಲಿ ಬರೆದಿರುತ್ತದೆ. ನೀವು ನಡುವಿನ ಒಂದಕ್ಷರ ಅಳಿಸಿದರೆ ಆ ಮಾಲೆ ಅದಕ್ಕೆ ತಕ್ಕಂತೆ ಹೊಂದಿಕೊಳ್ಳದೆ, ಅಕ್ಷರಗಳು ತಮ್ಮದಲ್ಲದ ಜಾಗಕ್ಕೆ ಹೋಗಿ ಬೀಳುತ್ತವೆ. ಕನ್ನಡದ ಮಟ್ಟಿಗೆ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಒತ್ತಿಗೆ ಒಂದು ಜಾಗ, ಅದರ ಸ್ವರಚಿಹ್ನೆಗೆ ಇನ್ನೊಂದು ಜಾಗ ಬರೆದಿದ್ದರೆ ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎರಡೂ ಬೇರೆಯಾಗುತ್ತವೆ.

ಪಠ್ಯದ ಮೆನುವಿನಲ್ಲಿ ‘ರಿಮೂವ್ ಮ್ಯಾನ್ಯುಯಲ್ ಕರ್ನ್ಸ್’ ಎಂಬ ಆದೇಶವಿದೆ. ಅದನ್ನು ಕೊಟ್ಟರೆ ಮಾಲೆಯ ಮೊದಲ ಸಂಖ್ಯೆ ಮಾತ್ರ ಉಳಿದು ಸಾಲು ಸಹಜವಾಗಿ ಹರಿಯುತ್ತದೆ. ಅದಾದ ಮೇಲೆ ತಿದ್ದುಪಡಿ ಆರಂಭಿಸಿ, ಮೊದಲಲ್ಲ.

ನಕ್ಷೆಗಾರ್ತಿ

ನಾನು ಕನ್ನಡ ವಿಕಿಪೀಡಿಯಕ್ಕಾಗಿ ನಕ್ಷೆಗಳ ಹೆಸರುಪಟ್ಟಿಯನ್ನು ಕನ್ನಡಕ್ಕೆ ತರುತ್ತಿರುತ್ತೇನೆ, ನನ್ನ ಅನುಭವದ ಒಂದೆರಡು ಮಾತು. ಇಂಕ್‌ಸ್ಕೇಪಿನ ಹಳೆಯ ಆವೃತ್ತಿಗಳಲ್ಲಿ ಪಠ್ಯದ ಉಪಕರಣದಿಂದ ಚೌಕ ಎಳೆದು ಅದರೊಳಗೆ ಬರೆದರೆ, ಅದು ಇಂಕ್‌ಸ್ಕೇಪ್ ಉಳಿಸುವ ಚಿತ್ರ ಕಡತದ ರೂಪವಾದ ಎಸ್‌ವಿಜಿ 1.2ರ ಕರಡಿನಲ್ಲಿದ್ದ ವಿಧಾನದಲ್ಲಿ ಉಳಿಯುತ್ತಿತ್ತು. ಆ ಕರಡು ಮಾನಕವಾಗಲೇ ಇಲ್ಲ, ಬ್ರೌಸರುಗಳು ಅದನ್ನು ತೋರಿಸುವುದೂ ಇಲ್ಲ. ನಾನು ಬಹಳ ಶ್ರಮದಿಂದ ಮಾಡಿದ ನದಿಗಳ ನಕ್ಷೆಯೊಂದನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ಕಾಮನ್ಸಿಗೆ ಏರಿಸಿದಾಗ ಕಾವೇರಿಯ ಹೆಸರಿದ್ದ ಜಾಗದಲ್ಲಿ ಕಪ್ಪು ಚೌಕ ಬಂದು ಕೂತಿದ್ದನ್ನು ನೋಡಿ ಅಳುವಂತಾಗಿತ್ತು. ಹಳೆಯ ಎಸ್‌ವಿಜಿ ಕಡತ ಯಾರಿಂದಲಾದರೂ ಬಂದರೆ ಮೊದಲು ಪಠ್ಯದ ಮೆನುವಿನಲ್ಲಿ ಅದನ್ನು ಸಾಮಾನ್ಯ ಪಠ್ಯಕ್ಕೆ ಬದಲಿಸಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಸಾಲಿನಲ್ಲಿ ‘ರಾಮ್‌ಸರ್’ ಎಂಬ ಪದವಿದೆ. ‘ಮ್’ ಮತ್ತು ‘ಸ’ಗಳ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ, ಅದು ಇಲ್ಲದಿದ್ದರೆ ‘ರಾಮ್ಸರ್’ ಎಂದು ಸಕಾರ ಒತ್ತಾಗಿ ಕೆಳಗಿಳಿಯುತ್ತದೆ. ಅದಕ್ಕೆ ರೂಪವೇ ಇಲ್ಲವಾದ್ದರಿಂದ ಪಿಡಿಎಫ್‌ನಿಂದ ಮರಳಿ ಪಡೆದ ಪಠ್ಯದಲ್ಲಿ ಅದು ಸಾಮಾನ್ಯವಾಗಿ ಕಳೆದುಹೋಗಿರುತ್ತದೆ. ಇಂಕ್‌ಸ್ಕೇಪಿನಲ್ಲಿ ಪಠ್ಯ ಬರೆಯುತ್ತಿರುವಾಗ ಕಂಟ್ರೋಲ್ ಮತ್ತು ಯು ಒತ್ತಿ, ಎರಡು, ಸೊನ್ನೆ, ಸೊನ್ನೆ, ಸಿ ಎಂದು ಬರೆದು ಎಂಟರ್ ಒತ್ತಿದರೆ ಅದನ್ನು ಸೇರಿಸಬಹುದು. ‘ರ‍್ಯಾಂಕ್’ ಬರೆಯುವಾಗ ಸಿಯ ಬದಲು ಡಿ ಬೇಕು, ಮತ್ತು ಅದು ‘ರ’ ಹಾಗೂ ವಿರಾಮದ ನಡುವೆ ಬರಬೇಕು. ಇಲ್ಲದಿದ್ದರೆ ‘ರ್ಯಾಂಕ್’ ಎಂದಾಗಿ ಯಕಾರದ ಮೇಲೆ ಅರ್ಕಾವತ್ತು ಹತ್ತುತ್ತದೆ.

ಹಳೇಮೊಳೆ

ಈ ಕಾಣದ ಅಕ್ಷರದ ವಿಷಯ ನನಗೆ ಇಂದಿನವರೆಗೂ ಗೊತ್ತಿರಲಿಲ್ಲ. ‘ಸಾಫ್ಟ್‌ವೇರ್’ ಬರೆಯುವಾಗ ನಡುವೆ ಜಾಗ ಬಿಟ್ಟು, ಆಮೇಲೆ ಆ ಜಾಗವನ್ನು ಕಿರಿದು ಮಾಡುತ್ತಿದ್ದೆ.

ನಕ್ಷೆಗಾರ್ತಿ

ದಯವಿಟ್ಟು ಹಾಗೆ ಮಾಡಬೇಡಿ, ಸಾಲು ಮುರಿಯುವಾಗ ಪದ ಎರಡಾಗಿಬಿಡುತ್ತದೆ.

ಗೆರೆಗಾರ

ನಾನು ಇಲಸ್ಟ್ರೇಟರ್ ಬಳಸುವವನು. ಪಿಡಿಎಫ್ ತೆರೆದರೆ ಇಲ್ಲಿಯೂ ಸಾಲುಗಳು ತುಂಡುತುಂಡಾಗಿಯೇ ಬರುತ್ತವೆ, ಏಕೆಂದರೆ ಸಾಮಾನ್ಯವಾದ ಪಿಡಿಎಫ್‌ಗೆ ಪ್ಯಾರಾ ಎಂಬ ಕಲ್ಪನೆಯೇ ಇಲ್ಲ. ಸರಿಯಾದ ಯೂನಿಕೋಡ್ ಪಠ್ಯವನ್ನೇ ತಂದು ಅಂಟಿಸಿದರೂ ಒತ್ತುಗಳು ಕೂಡಿಕೊಳ್ಳದೆ ವಿರಾಮ ಬಿಡಿಯಾಗಿ ನಿಂತರೆ, ಪ್ಯಾರಾಗ್ರಾಫ್ ಫಲಕದಲ್ಲಿ ಭಾರತೀಯ ಲಿಪಿಗಳಿಗಾಗಿ ಇರುವ ಸಂಯೋಜಕವನ್ನು ಆರಿಸಬೇಕು. ನಾನು ಇದನ್ನು ತಿಳಿಯದೆ ಒಂದು ಮದುವೆಯ ಆಮಂತ್ರಣವನ್ನು ಒತ್ತೊತ್ತಾಗಿ ಕೈಯಿಂದ ಜೋಡಿಸಿದ್ದೆ. ಇಂಕ್‌ಸ್ಕೇಪ್ ಈ ವಿಷಯದಲ್ಲಿ ವಾಸಿ, ಹೊಸ ಪಠ್ಯ ಬರೆದರೆ ಯಾವ ಆಯ್ಕೆಯೂ ಇಲ್ಲದೆ ಕನ್ನಡ ಕೂಡಿಕೊಳ್ಳುತ್ತದೆ.

ಅಕ್ಷರರೂಪಿ

ಹೌದು, ಅಲ್ಲಿ ಅಕ್ಷರ ಕೂಡಿಸುವ ಒಳತಂತ್ರಾಂಶಗಳಾದ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಆ ಕೆಲಸ ಮಾಡುತ್ತವೆ. ಸ್ಕ್ರೈಬಸ್ ಕೂಡ ಈಗ ಹಾರ್ಫ್‌ಬಜ್ ಬಳಸುವುದರಿಂದ ಪುಟ ವಿನ್ಯಾಸಕ್ಕೆ ಅದನ್ನೂ ನೋಡಬಹುದು. ಕೆರೆಯಂಗಳದವರಿಗೆ ನನ್ನ ಸಲಹೆ ಇಷ್ಟೇ. ಪಿಡಿಎಫ್ ಆಮದು ಮಾಡುವಾಗ ಬರುವ ಕಿಟಕಿಯಲ್ಲಿ ಫಾಂಟುಗಳನ್ನು ಏನು ಮಾಡಬೇಕೆಂದು ಕೇಳುವ ಜಾಗವಿದೆ. ಅಲ್ಲಿ ಪಠ್ಯವನ್ನೆಲ್ಲ ಚಿತ್ರವಾಗಿ ಬಿಡಿಸುವಂತೆ ಹೇಳಿ ತೆರೆಯಿರಿ, ಆಗ ಎಲ್ಲ ಅಕ್ಷರಗಳೂ ಮೂಲದಂತೆಯೇ ಕಾಣುತ್ತವೆ. ಆ ಪದರವನ್ನು ಮಸುಕು ಮಾಡಿ, ಬೀಗ ಹಾಕಿ, ಮೇಲೊಂದು ಹೊಸ ಪದರದಲ್ಲಿ ಹೆಸರುಗಳನ್ನು ಬರೆಯುತ್ತ ಹೋಗಿ. ಕೆಳಗೆ ಕಾಣುತ್ತಿರುವ ಹಳೆಯ ಅಕ್ಷರ ನಿಮಗೆ ಅಳತೆಯೂ ಹೌದು, ಕರಡೂ ಹೌದು. ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ ಇವುಗಳಲ್ಲಿ ಯಾವುದಾದರೂ ಆಗಬಹುದು, ಎಲ್ಲವೂ ಮುಕ್ತ ಪರವಾನಗಿಯವು. ದೂರದಿಂದ ಓದಬೇಕಾದ ಫಲಕವಾದ್ದರಿಂದ ಒತ್ತುಗಳು ತೀರ ಸಣ್ಣದಾಗಿರುವ ಫಾಂಟ್ ಬೇಡ.

ಸಾಲುಸಂಕೇತ

ಫಲಕದ ಮಟ್ಟಿಗೆ ಇದೇ ಸರಿ. ನನ್ನ ಸ್ಕ್ರಿಪ್ಟನ್ನು ದೊಡ್ಡ ಕಡತ ಇರುವವರಿಗಾಗಿ ಇಟ್ಟುಕೊಳ್ಳುತ್ತೇನೆ. ಪಠ್ಯ ಪೂರ್ತಿ ಗೆರೆಯಾಗಿಬಿಟ್ಟಿದ್ದರೆ ಟೆಸೆರಾಕ್ಟ್ ಎಂಬ ತಂತ್ರಾಂಶ ಕನ್ನಡವನ್ನು ಓದಬಲ್ಲದು ಎಂಬುದೂ ನೆನಪಿರಲಿ. ಅದು ಕಣ್ಣಿನಂತೆ ಪುಟದ ಚಿತ್ರವನ್ನು ಓದುವುದರಿಂದ ಅರ್ಕಾವತ್ತು ಸರಿಯಾದ ಜಾಗದಲ್ಲೇ ಬರುತ್ತದೆ.

ಫ್ಲೆಕ್ಸ್‌ಮಿತ್ರ

ಮುದ್ರಣದ ಅಂಗಡಿಯಲ್ಲಿ ಕೆಲಸ ಮಾಡುವವನಾಗಿ ಒಂದು ವಿನಂತಿ. ನಮ್ಮ ಯಂತ್ರದಲ್ಲಿ ನಿಮ್ಮ ಫಾಂಟ್ ಇರುವುದಿಲ್ಲ. ಎಸ್‌ವಿಜಿ ತಂದುಕೊಟ್ಟರೆ ನಾವು ತೆರೆದ ಕ್ಷಣವೇ ನಿಮ್ಮ ಶ್ರಮವೆಲ್ಲ ಬೇರೆ ಫಾಂಟಿಗೆ ಹೋಗುತ್ತದೆ. ಪಿಡಿಎಫ್ ಆಗಿ ಉಳಿಸುವಾಗ ಪಠ್ಯವನ್ನು ಗೆರೆಗಳಾಗಿ ಬದಲಿಸುವ ಆಯ್ಕೆಯನ್ನು ಆರಿಸಿ, ಆ ಪ್ರತಿಯನ್ನು ನಮಗೆ ಕೊಡಿ. ಆದರೆ ಪಠ್ಯ ಪಠ್ಯವಾಗಿಯೇ ಇರುವ ಎಸ್‌ವಿಜಿಯನ್ನು, ಬಳಸಿದ ಫಾಂಟನ್ನು, ಮತ್ತು ಹೆಸರುಗಳಷ್ಟೇ ಇರುವ ಸಾದಾ ಪಠ್ಯ ಕಡತವನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಇಬ್ಬರು ಮೂವರ ಬಳಿಯಾದರೂ ಇರಲಿ. ಮೂಲ ಕಡತ ಕಳೆದುಕೊಂಡು ಪಿಡಿಎಫ್ ಹಿಡಿದು ಬರುವವರನ್ನು ನಾನು ವಾರಕ್ಕೆ ಒಮ್ಮೆಯಾದರೂ ನೋಡುತ್ತೇನೆ, ‘ಒಂದೇ ಒಂದು ದಿನಾಂಕ ಬದಲಿಸಿ ಕೊಡಿ’ ಎನ್ನುತ್ತಾರೆ, ಅವರಿಗೆ ಆಗುವುದಿಲ್ಲ ಎಂದು ಹೇಳುವುದು ಕಷ್ಟ.

ಕೆರೆಯಂಗಳ

ಅಕ್ಷರರೂಪಿಯವರು ಹೇಳಿದಂತೆ ಮಸುಕು ಪದರದ ಮೇಲೆ ಎಲ್ಲವನ್ನೂ ಹೊಸದಾಗಿ ಬರೆದೆ. ಒಂದು ಸಂಜೆಯ ಕೆಲಸವಾಯಿತು. ಮುದ್ರಣಕ್ಕೆ ಮೊದಲು ಸಣ್ಣ ಕಾಗದದಲ್ಲಿ ಮಾದರಿ ತೆಗೆದು ಇಬ್ಬರಿಗೆ ಓದಲು ಕೊಟ್ಟಾಗ, ನೀರುಕಾಗೆಯ ಚಿತ್ರದ ಕೆಳಗೆ ‘ಬೆಳ್ಳಕ್ಕಿ’ ಎಂದು ನಾನೇ ಅಂಟಿಸಿರುವುದು ಸಿಕ್ಕಿತು. ಕೆಳಗಿನ ಪದರದಲ್ಲಿ ಸರಿಯಾದ ಹೆಸರು ಇದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕರಡುತಿದ್ದಿ

ಇಬ್ಬರಿಗೆ ಓದಲು ಕೊಟ್ಟಿರಲ್ಲ, ಬಹಳ ಒಳ್ಳೆಯದಾಯಿತು. ಅವರಲ್ಲಿ ಒಬ್ಬರಾದರೂ ಹಕ್ಕಿಗಳನ್ನು ಬಲ್ಲವರೇ?

ಕೆರೆಯಂಗಳ

ಒಬ್ಬರು ಇಪ್ಪತ್ತು ವರ್ಷಗಳಿಂದ ಅದೇ ಕೆರೆಯಲ್ಲಿ ಹಕ್ಕಿ ನೋಡುತ್ತಿರುವವರು, ತಪ್ಪು ಹಿಡಿದದ್ದು ಅವರೇ. ಇನ್ನೊಬ್ಬಳು ಏಳನೆಯ ತರಗತಿಯ ಹುಡುಗಿ. ‘ಹೆಜ್ಜಾರ್ಲೆ’ಯ ಲಕಾರದ ಪಕ್ಕದ ಅರ್ಕಾವತ್ತು ಮುಂದಿನ ಗೆರೆಗೆ ತಾಗುತ್ತಿದೆ ಎಂದು ಅವಳು ತೋರಿಸಿದಳು, ಅಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇನೆ. ನಾಳೆ ಅಂತಿಮ ಮುದ್ರಣಕ್ಕೆ ಹೋಗುತ್ತದೆ. ಎಸ್‌ವಿಜಿ ಮತ್ತು ಹೆಸರುಗಳ ಪಠ್ಯ ಕಡತ ನಾಲ್ವರ ಬಳಿಯೂ ಇವೆ. ಬೇರೆ ಊರಿನವರಿಗೆ ಬೇಕಿದ್ದರೆ ಕಳಿಸುತ್ತೇನೆ.

ಗೆರೆಗಾರ

ನನಗೆ ಕಳಿಸಿ. ನಮ್ಮ ಕಡೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಹೆಸರನ್ನು ಸೇರಿಸಿ ಇಲ್ಲಿನ ಶಾಲೆಯೊಂದಕ್ಕೆ ಫಲಕ ಮಾಡಿಕೊಡಬೇಕೆಂದಿದ್ದೇನೆ.